ಎರಡು ರ‍್ಯಾಮ್, ಒಂದು ಬೋರ್ಡು

ರ‍್ಯಾಮ್ ಬೆಲೆ ಏರಿದಾಗಲೆಲ್ಲ ನನ್ನ ಫೋನಿಗೆ ಒಂದೇ ಪ್ರಶ್ನೆ ಬರುತ್ತದೆ: "ಮನೆಯಲ್ಲಿ ಹಳೆಯ 4 ಜಿಬಿ ಇದೆ, ಅದರ ಜೊತೆ ಬೇರೆಯದೊಂದು ಹಾಕಿದರೆ ನಡೆಯುತ್ತಾ?" ಬಹುತೇಕ ಸಲ ನಡೆಯುತ್ತದೆ. ಯಾವಾಗ ನಡೆಯುವುದಿಲ್ಲ ಎನ್ನುವುದನ್ನು ಅಂಗಡಿಯವರು ಹೇಳುವುದು ಕಡಿಮೆ. ಅದಕ್ಕೇ ಈ ಸಲ ಅದೇ ವಿಷಯ.

ಡಿಡಿಆರ್3, ಡಿಡಿಆರ್4, ಡಿಡಿಆರ್5 ಒಂದಕ್ಕೊಂದು ಸೇರುವುದಿಲ್ಲ. ಕೆಳಗಿನ ಕಚ್ಚು ಬೇರೆ ಬೇರೆ ಜಾಗದಲ್ಲಿರುತ್ತದೆ. ಕೂರದಿದ್ದರೆ ಒತ್ತಬೇಡಿ, ಅಷ್ಟೇ.

ಒಂದೇ ಪೀಳಿಗೆಯವು, ಆದರೆ ಟೈಮಿಂಗ್ ಬೇರೆ ಎಂದಿಟ್ಟುಕೊಳ್ಳಿ. ಇದಕ್ಕೆ ಜನ ಬಹಳ ಹೆದರುತ್ತಾರೆ, ಹೆದರಬೇಕಾದ್ದು ಕಡಿಮೆ. ಪ್ರತಿ ಮಾಡ್ಯೂಲಿನ ಮೇಲೂ ಎಸ್‌ಪಿಡಿ ಎಂಬ ಪುಟ್ಟ ಚಿಪ್ ಇರುತ್ತದೆ. ಅದನ್ನು ಮಾಡ್ಯೂಲಿನ ಜಾತಕ ಎನ್ನಿ. ಕಂಪ್ಯೂಟರ್ ಆನ್ ಆದಾಗ ಬಯಾಸ್ ಎರಡೂ ಜಾತಕ ಓದಿ, ಇಬ್ಬರಿಗೂ ಆಗುವ ವೇಗ ಹುಡುಕುತ್ತದೆ. ನಿಧಾನದವನ ಹೆಜ್ಜೆಗೆ ಇನ್ನೊಬ್ಬನೂ ನಡೆಯಬೇಕು. ಹಾಗೆ ನೋಡಿದರೆ "ನಿಧಾನ" ಎನ್ನುವುದೂ ಪೂರ್ತಿ ನಿಜವಲ್ಲ. ಡಿಡಿಆರ್3ರಲ್ಲಿ 1600 ವೇಗದ ಸಿಎಲ್11 ಮಾಡ್ಯೂಲ್ ತೆಗೆದುಕೊಳ್ಳಿ. ಗಡಿಯಾರದ ಒಂದು ಮಿಡಿತ 1.25 ನ್ಯಾನೊಸೆಕೆಂಡ್, ಹನ್ನೊಂದು ಮಿಡಿತಕ್ಕೆ 13.75. ಹಳೆಯ 1333ರ ಸಿಎಲ್9ರಲ್ಲಿ ಒಂದು ಮಿಡಿತ 1.5, ಒಂಬತ್ತಕ್ಕೆ 13.5. ಕೇಳಿದ್ದಕ್ಕೆ ಮೊದಲ ಉತ್ತರ ಕೊಡುವುದರಲ್ಲಿ ಹಳೆಯದೇ ಕೂದಲೆಳೆಯಷ್ಟು ಮುಂದೆ! ಆಮೇಲೆ ಡೇಟಾ ಸುರಿಯುವಾಗ ಮಾತ್ರ 1600 ಗೆಲ್ಲುತ್ತದೆ. ದಿನದ ಕೆಲಸದಲ್ಲಿ ಈ ವ್ಯತ್ಯಾಸ ನಿಮಗೆ ಗೊತ್ತೇ ಆಗದು. ರ‍್ಯಾಮ್ ಸಾಲದೆ ಹಾರ್ಡ್‌ಡಿಸ್ಕ್ ಕೆರೆಯುವುದಂತೂ ಖಂಡಿತ ಗೊತ್ತಾಗುತ್ತದೆ.

ವೋಲ್ಟೇಜ್ ಹಾಗಲ್ಲ. ಬೋರ್ಡು ಎಲ್ಲ ಸ್ಲಾಟಿಗೂ ಒಂದೇ ವೋಲ್ಟೇಜ್ ಬಡಿಸುತ್ತದೆ, ಪಂಕ್ತಿಭೇದವಿಲ್ಲ. (ಡಿಡಿಆರ್5ರಲ್ಲಿ ಈ ನಿಯಂತ್ರಣ ಮಾಡ್ಯೂಲಿನ ಮೇಲೆಯೇ ಬಂದಿದೆ. ನಾನು ಹೇಳುತ್ತಿರುವುದು ಅದಕ್ಕೂ ಹಿಂದಿನವುಗಳ ಮಾತು.) ಸಾದಾ ಡಿಡಿಆರ್3ಕ್ಕೆ ಬೇಕಾದದ್ದು 1.5 ವೋಲ್ಟ್. ಆಮೇಲೆ ಬಂದ ಡಿಡಿಆರ್3ಎಲ್ 1.35ರಲ್ಲೇ ನಡೆಯುತ್ತದೆ, 1.5 ಕೊಟ್ಟರೂ ತಡೆದುಕೊಳ್ಳುತ್ತದೆ. ತಿರುಗಿಸಿದರೆ ಈ ಮಾತು ನಿಲ್ಲುವುದಿಲ್ಲ: 1.35 ಮಾತ್ರ ಕೊಡುವ ಲ್ಯಾಪ್‌ಟಾಪಿಗೆ ಸಾದಾ ಡಿಡಿಆರ್3 ಹಾಕಿದರೆ ಅದಕ್ಕೆ ಅರೆಹೊಟ್ಟೆ. ಇಂಟೆಲ್‌ನ ನಾಲ್ಕನೇ ಪೀಳಿಗೆಯ ಎಷ್ಟೋ ತೆಳು ಲ್ಯಾಪ್‌ಟಾಪುಗಳು ಈ ಜಾತಿಯವು. ಕಚ್ಚು ಎರಡಕ್ಕೂ ಒಂದೇ ಇರುವುದರಿಂದ ಸ್ಲಾಟಿನಲ್ಲಿ ಸಲೀಸಾಗಿ ಕೂರುತ್ತದೆ. ತೊಂದರೆ ಇರುವುದೇ ಇಲ್ಲಿ.

ಪುಣೆಯ ನಮ್ಮ ಕಟ್ಟಡದಲ್ಲಿ ಧಾರವಾಡದ ನಿವೃತ್ತ ಮಾಸ್ತರರೊಬ್ಬರಿದ್ದಾರೆ. ತಮ್ಮ ತಂದೆಯ ಹಳೆಯ ಕಾಗದಗಳನ್ನು ಒಂದೊಂದಾಗಿ ಟೈಪು ಮಾಡುವುದು ಮೂರು ವರ್ಷದಿಂದ ಅವರ ಕೆಲಸ. ಅವರ ಲ್ಯಾಪ್‌ಟಾಪಿಗೆ ಅಂಗಡಿಯವನು ಇಂಥದ್ದೇ ಒಂದು ಮಾಡ್ಯೂಲ್ ಸೇರಿಸಿ ಕೊಟ್ಟಿದ್ದ. ಆನ್ ಆಯಿತು, 8 ಜಿಬಿ ಎಂದೂ ತೋರಿಸಿತು. ಎರಡು ವಾರ ಬಿಟ್ಟು, ಮಧ್ಯಾಹ್ನದ ಸೆಕೆಯಲ್ಲಿ ನೀಲಿ ಪರದೆ ಬರತೊಡಗಿತು. ಆಮೇಲೆ ಒಂದು ಫೈಲು ತೆರೆಯಲೇ ಇಲ್ಲ.

"ಎರಡೂ ರ‍್ಯಾಮೇ ಅಲ್ಲೇನ್ರಿ? ಹೊಂದೂದಿಲ್ಲಂದ್ರ ಅವತ್ತೇ ನಿಲ್ಲಬೇಕಿತ್ತಲ್ಲ?" ಎಂದು ಕೇಳಿದರು.

ನಿಂತಿದ್ದರೆ ಒಳ್ಳೆಯದಿತ್ತು, ಸರ್. ಆನ್ ಆಗದ ಯಂತ್ರದಿಂದ ನಷ್ಟವಿಲ್ಲ. ಆನ್ ಆಗಿ, ಆಗೊಮ್ಮೆ ಈಗೊಮ್ಮೆ ಒಂದು ಬಿಟ್ ತಪ್ಪಾಗಿ ಓದುವ ಯಂತ್ರ ಆ ತಪ್ಪನ್ನೇ ನಿಮ್ಮ ಫೈಲಿಗೂ ಬರೆಯುತ್ತದೆ, ಬ್ಯಾಕಪ್‌ಗೂ ಬರೆಯುತ್ತದೆ. ಹಾಗಾಗಿ ನಾನು ಮೊದಲು ಕೇಳಿದ್ದು ಪೆನ್‌ಡ್ರೈವಿಗೆ ಕಾಪಿ ಮಾಡಿದ್ದು ಯಾವಾಗ ಎಂದು. ಮಾಡ್ಯೂಲ್ ಹಾಕುವ ಮುಂಚೆ ಮಾಡಿದ ಕಾಪಿ ಒಂದಿತ್ತು. ಮೂರು ವರ್ಷದ ಕೆಲಸ ಉಳಿಯಿತು, ಕೊನೆಯ ಹದಿನೈದು ದಿನದ್ದನ್ನು ಮತ್ತೆ ಟೈಪು ಮಾಡಿದರು. ರಾತ್ರಿ ಮೆಮ್‌ಟೆಸ್ಟ್86 ಓಡಿಸಿದಾಗ ಅರ್ಧ ಗಂಟೆಯಲ್ಲಿ ಪರದೆ ತುಂಬ ಕೆಂಪು ಸಾಲು. 1.35ರ ಮಾಡ್ಯೂಲ್ ಹಾಕಿ ಮತ್ತೆ ಓಡಿಸಿದೆ, ಬೆಳಗಾದರೂ ಒಂದು ತಪ್ಪಿಲ್ಲ.

ತಾಪ್ಕೀರ್ ಗಲ್ಲಿಯಿರಲಿ, ಲ್ಯಾಮಿಂಗ್ಟನ್ ರೋಡ್, ರಿಚಿ ಸ್ಟ್ರೀಟ್, ನೆಹರೂ ಪ್ಲೇಸ್ ಇರಲಿ, ಡಿಡಿಆರ್3 ಕೊಳ್ಳುವಾಗ ಚೀಟಿ ಓದಿ. ಪಿಸಿ3ಎಲ್-12800 ಎಂದಿದ್ದರೆ 1.35, 'ಎಲ್' ಇಲ್ಲದೆ ಪಿಸಿ3-12800 ಎಂದಿದ್ದರೆ 1.5. ಒಂದಕ್ಷರದ ವ್ಯತ್ಯಾಸ. ಹಳೆಯದನ್ನು ಬಿಚ್ಚಿ ಕೈಯಲ್ಲೇ ಹಿಡಿದುಕೊಂಡು ಹೋಗುವುದು ಇನ್ನೂ ವಾಸಿ. "ಟೆಸ್ಟಿನಲ್ಲಿ ಎರರ್ ಬಂದರೆ ವಾಪಸ್" ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆಯಲು ಒಪ್ಪದವನ ಹತ್ತಿರ ಕೊಳ್ಳಬೇಡಿ.

ಡಿಡಿಆರ್4 ಡೆಸ್ಕ್‌ಟಾಪ್ ಇದ್ದವರಿಗೆ ಇನ್ನೊಂದು ಮಾತು. ಅಲ್ಲಿ ಸಾದಾ ಮಾಡ್ಯೂಲ್ 1.2 ವೋಲ್ಟಿನದು. ಗೇಮಿಂಗ್ ಮಾಡ್ಯೂಲಿನ ಮೇಲೆ 3200, ಸಿಎಲ್16, 1.35 ವೋಲ್ಟ್ ಎಂದು ಬರೆದಿದ್ದರೂ ಅದು ಬಯಾಸ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡಿದ ಮೇಲಿನ ಲೆಕ್ಕ. ಆಫ್ ಇದ್ದಾಗ ಅದೂ 1.2ರಲ್ಲೇ, ಕಡಿಮೆ ವೇಗದಲ್ಲಿ, ಸಾದಾ ಮಾಡ್ಯೂಲಿನ ಪಕ್ಕ ಸುಮ್ಮನೆ ಕೆಲಸ ಮಾಡುತ್ತದೆ. ಎರಡನ್ನೂ ಬೆರೆಸಿದ್ದರೆ ಎಕ್ಸ್‌ಎಂಪಿ ಆಫ್‌ನಲ್ಲೇ ಇರಲಿ. ಮಕ್ಕಳು ಬಯಾಸ್‌ಗೆ ಹೋಗಿ ಆನ್ ಮಾಡಿದ್ದಾರೇನೋ, ಒಮ್ಮೆ ನೋಡಿಕೊಳ್ಳಿ.