ಒಂದು ತಿಜೋರಿ, ಎರಡು ಬೀಗದ ಕೈ

"ತಾತ, ನಮ್ಮ ಮನೆಯವರಿಗೇ ಅಂತ ಒಂದು ಚಾಟ್ ಮಾಡೋಣ" ಎಂದ ಮೊಮ್ಮಗ. ಜ್ಞಾನಭಾರತಿಯ ಮರಗಳ ನಡುವೆ ಬೆಳಗಿನ ವಾಕಿಂಗ್ ಮುಗಿಸಿ ಕಲ್ಲುಬೆಂಚಿನ ಮೇಲೆ ಕೂತಿದ್ದೆವು. ಮನೆಯ ಫೋಟೋಗಳನ್ನು ಇಡಲು ಅವನು ತಿಂಗಳ ಬಾಡಿಗೆಗೆ ಒಂದು ಪುಟ್ಟ ಸರ್ವರ್ ಹಿಡಿದಿದ್ದಾನೆ. ಅದರ ಮೆಮೊರಿ ಬರೀ 1 ಜಿಬಿ.

"ವಾಟ್ಸ್ಆ್ಯಪ್ ಇದೆಯಲ್ಲೋ?"

"ಇದೆ ತಾತ. ಆದರೆ ಯಂತ್ರ ಅವರದು, ನಿಯಮ ಅವರದು. ಇದು ನಮ್ಮದು."

ಬ್ಯಾಂಕಿನಲ್ಲಿ ಸಾಲ ಕೇಳಿ ಬಂದವರನ್ನು ನಾವು ಮೊದಲು ಕೇಳುತ್ತಿದ್ದುದು "ಯಾತಕ್ಕೆ ಬೇಕು?" ಅಂತ. ಅದನ್ನೇ ಅವನಿಗೂ ಕೇಳಿದೆ. ಮನೆಗೆ ಬಂದು ಇಬ್ಬರೂ ಪಟ್ಟಿ ಮಾಡಿದೆವು. ಬಳಸುವವರು ಹನ್ನೆರಡು ಜನ. ಅವರಲ್ಲಿ ಶಿವಮೊಗ್ಗದ ನಮ್ಮ ಅಕ್ಕನಿಗೆ 81 ವರ್ಷ. ಅವಳು ಫೋನ್ ಆನ್ ಮಾಡುವುದು ಸಂಜೆ ಒಂದೇ ಒಂದು ಗಂಟೆ, ಬರೆಯುವುದು ಕನ್ನಡದಲ್ಲೇ. ಬೆಳಗ್ಗೆ ಕಳಿಸಿದ್ದು ಅವಳಿಗೆ ಸಂಜೆ ಸಿಗಲೇಬೇಕು.

ಮೊದಲು ನೋಡಿದ್ದು ಐಆರ್‌ಸಿ. 1988ರಲ್ಲಿ ಫಿನ್ಲೆಂಡಿನ ಯಾರ್ಕೊ ಓಯ್ಕರಿನೆನ್ ಮಾಡಿದ್ದು. ಬಹಳ ಹಗುರ. ಆದರೆ ಅದು ಅರಳಿಕಟ್ಟೆ ಹರಟೆಯ ಹಾಗೆ, ಎದ್ದು ಹೋದವರಿಗೆ ಮಾತು ಸಿಗುವುದಿಲ್ಲ. ಮೇಲಾಗಿ ಒಂದು ಸಾಲಿಗೆ 512 ಬೈಟ್‌ಗಳ ಮಿತಿ. ಮಕ್ಕಳೇ, ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು. ಕನ್ನಡದ ಒಂದೊಂದು ಚಿಹ್ನೆಗೂ 3 ಬೇಕು. "ಅಕ್ಕ" ಎಂದು ಬರೆದರೆ ಅ, ಕ, ಒತ್ತಿನ ಗುರುತು, ಇನ್ನೊಂದು ಕ: ಒಟ್ಟು 12 ಬೈಟ್. ನಮ್ಮ ಅಕ್ಕನ ಪತ್ರ ಅದರಲ್ಲಿ ಹಿಡಿಯುವುದಿಲ್ಲ.

ಎರಡನೆಯದು 2014ರಲ್ಲಿ ಶುರುವಾದ ಮ್ಯಾಟ್ರಿಕ್ಸ್, ಅದರ ಸರ್ವರ್ ಸಿನಾಪ್ಸ್. ಸೌಲಭ್ಯ ಬೇಕಾದಷ್ಟಿದೆ. ಆದರೆ ಮಾತಿನಲ್ಲಿ ಸೇರಿದ ಪ್ರತಿ ಸರ್ವರ್ರೂ ಆ ಮಾತುಕತೆಯ ಲೆಕ್ಕವನ್ನು ತಾನೂ ಬರೆದಿಟ್ಟುಕೊಳ್ಳುತ್ತದೆ. ದೊಡ್ಡ ಗುಂಪು ಸೇರಿದರೆ ಮೆಮೊರಿ ತುಂಬುತ್ತದೆ. 1 ಜಿಬಿಯಲ್ಲಿ ಫೋಟೋಗಳಿಗೂ ಜಾಗ ಉಳಿಯಬೇಕಲ್ಲ!

ಮೂರನೆಯದು ಎಕ್ಸ್‌ಎಂಪಿಪಿ. 1999ರಲ್ಲಿ ಜೆರೆಮಿ ಮಿಲ್ಲರ್ ಇದನ್ನು "ಜ್ಯಾಬರ್" ಎಂಬ ಹೆಸರಲ್ಲಿ ಹೊರತಂದರು. ಒಂದು ಶಾಖೆಯ ಡಿಡಿ ಇನ್ನೊಂದು ಶಾಖೆಯಲ್ಲಿ ನಡೆಯುವ ಹಾಗೆ, ಇದರಲ್ಲಿ ಒಂದು ಸರ್ವರ್ ಇನ್ನೊಂದರ ಜೊತೆ ವ್ಯವಹರಿಸಬಲ್ಲದು. ಇದನ್ನು ನಡೆಸುವ ಸಾಫ್ಟ್‌ವೇರ್‌ಗಳಲ್ಲಿ ಇಜ್ಯಾಬರ್‌ಡಿ ಲಕ್ಷಗಟ್ಟಲೆ ಜನರನ್ನು ತಾಳುತ್ತದೆ. ವಾಟ್ಸ್ಆ್ಯಪ್ ಕೂಡ ಆರಂಭದಲ್ಲಿ ಅದನ್ನೇ ತಿದ್ದಿಕೊಂಡು ಬಳಸಿತ್ತು. ಆದರೆ ಹನ್ನೆರಡು ಜನರ ಊಟಕ್ಕೆ ಮದುವೆಮನೆ ಕೊಳಗ ಯಾಕೆ? ಲುವಾ ಎಂಬ ಪುಟ್ಟ ಭಾಷೆಯಲ್ಲಿ ಬರೆದ ಪ್ರೊಸೊಡಿ ನಮಗೆ ಸಾಕು. ಲುವಾ ಹುಟ್ಟಿದ್ದು ಬ್ರೆಜಿಲ್‌ನಲ್ಲಿ, ಅವರ ಪೋರ್ಚುಗೀಸ್ ಭಾಷೆಯಲ್ಲಿ ಹಾಗೆಂದರೆ ಚಂದ್ರ. ಪ್ರೊಸೊಡಿ ಫೋನ್ ಆಫ್ ಆಗಿರುವವರ ಸಂದೇಶವನ್ನು ಎತ್ತಿಡುತ್ತದೆ. ಗುಂಪಿನ ಮಾತನ್ನು ಉಳಿಸಲು ಮಾತ್ರ ಒಂದು ಮಾಡ್ಯೂಲ್ ಸೇರಿಸಬೇಕು. ನಾವು ಹೇಳದೆ ಹೊಸಬರಿಗೆ ಖಾತೆ ತೆರೆಯುವುದಿಲ್ಲ. ಬ್ಯಾಂಕಿನವನಿಗೆ ಇದು ಬಹಳ ಹಿಡಿಸಿತು!

ಎಲ್ಲ ಆದ ಮೇಲೆ ಕೇಳಿದೆ, "ಜೂನ್‌ಗೆ ನೀನು ಹಾಸ್ಟೆಲ್‌ಗೆ ಹೋಗ್ತೀಯ. ಇದು ನಿಂತುಹೋದರೆ?"

ಅವನು ಮಾತಾಡಲಿಲ್ಲ. ಈ ಪ್ರಶ್ನೆ ಪಟ್ಟಿಯಲ್ಲೇ ಇರಲಿಲ್ಲ.

ನಮ್ಮ ಶಾಖೆಯ ತಿಜೋರಿಗೆ ಎರಡು ಬೀಗದ ಕೈ, ಇಬ್ಬರ ಬಳಿ. ಅಲ್ಲಿ ಇಬ್ಬರೂ ಬಂದರೇ ಬಾಗಿಲು. ಇಲ್ಲಿ ಇಬ್ಬರಲ್ಲಿ ಒಬ್ಬರಾದರೂ ಇರಬೇಕು. ಆದರೆ ನೀತಿ ಒಂದೇ: ಹೊಣೆ ಒಬ್ಬನ ತಲೆಯಲ್ಲಿ ಮಾತ್ರ ಇರಬಾರದು. ಅವನು ಒಂದು ಲಾಂಗ್ ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದ: ನಿಂತರೆ ಮತ್ತೆ ಶುರು ಮಾಡುವುದು ಹೇಗೆ, ಪ್ರತಿ ಭಾನುವಾರ ಪ್ರತಿ ತೆಗೆಯುವುದು ಹೇಗೆ. ಪಾಸ್‌ವರ್ಡನ್ನು ಬೇರೆ ಲಕೋಟೆಯಲ್ಲಿಟ್ಟು ಬೀರುವಿಗೆ ಹಾಕಿದೆವು. ಮೂರು ಸಲ ನನ್ನ ಕೈಯಲ್ಲೇ ಮಾಡಿಸಿದ. ಎರಡನೇ ಸಲ ನಾನು ಸರ್ವರನ್ನೇ ನಿಲ್ಲಿಸಿಬಿಟ್ಟೆ! "ಪರವಾಗಿಲ್ಲ ತಾತ, ಈಗ ನೀವೇ ಎಬ್ಬಿಸಿ" ಎಂದ. ಎಬ್ಬಿಸಿದೆ.

ಹಾಸ್ಟೆಲ್ ಸೇರಿದ ದಿನ ಬೆಳಗ್ಗೆ ಅವನು "ತಲುಪಿದೆ" ಎಂದು ಬರೆದ. ಸಂಜೆ ಆರೂವರೆಗೆ ಶಿವಮೊಗ್ಗದಿಂದ ಉತ್ತರ ಬಂತು: "ಊಟ ಆಯ್ತಾ ಮಗೂ?"

ಮಕ್ಕಳೇ, ಮನೆಗೆ ಏನಾದರೂ ಮಾಡಿಕೊಟ್ಟರೆ ಅದರ ಇನ್ನೊಂದು ಬೀಗದ ಕೈಯನ್ನೂ ಮನೆಯಲ್ಲಿ ಕೊಟ್ಟು ಹೋಗಿ. ಹಿರಿಯರೇ, "ನನಗೆ ಇದೆಲ್ಲ ಬರಲ್ಲ" ಎನ್ನದೆ ಇಸಿದುಕೊಳ್ಳಿ.