ತಕ್ಕಡಿಗೆ ಮುದ್ರೆ ಬೇಕು, ಬ್ರೋಕರಿಗೆ ಬೇಡವೇ?

ಉಪ್ಪಳದ ನಮ್ಮ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಗೆ ಉಪ್ಪ ವರ್ಷಕ್ಕೊಮ್ಮೆ ಮುದ್ರೆ ಹಾಕಿಸುತ್ತಾರೆ. ಒಂದು ಕಿಲೋ ಕುಚ್ಚಲಕ್ಕಿ ತೂಗಬೇಕಾದರೂ ಸರಕಾರದ ಮುದ್ರೆ ಬೇಕು. ಅದೇ ಅಂಗಡಿಯ ಜಗಲಿಯಲ್ಲಿ ಚಾ ಕುಡಿಯುತ್ತಾ 50 ಲಕ್ಷದ ಫ್ಲ್ಯಾಟ್ ಮಾರಿಸುವವನಿಗೆ ಮಾತ್ರ ಏನೂ ಬೇಡ. "ನಮ್ಮವನೇ ಅಲ್ಲವಾ" ಎಂಬ ಮಾತೊಂದು ಸಾಕು.

ಆ ಜಗಲಿಯಲ್ಲಿ ನಾನೂ ಕೂತವನೇ. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ, ಗಲ್ಫಿನಲ್ಲಿ ದುಡಿದು, ಊರಿಗೆ ಬಂದು ಬ್ರೋಕರ್ ಕೆಲಸಕ್ಕೆ ಇಳಿದೆ. ನೆರೆಮನೆಯ ಹೆಂಗಸೊಬ್ಬರ ಗಂಡ ಸೌದಿಯಲ್ಲಿದ್ದರು. ಮಂಗಳೂರಿನಲ್ಲಿ ಏಳುತ್ತಿದ್ದ ದೊಡ್ಡ ಕಟ್ಟಡವೊಂದರಲ್ಲಿ ಅವರಿಗೆ ಫ್ಲ್ಯಾಟ್ ತೋರಿಸಿದೆ, ಮುಂಗಡ ಕೊಡಿಸಿದೆ, ಕಮಿಷನ್ ಪಡೆದೆ. ಆ ಕಟ್ಟಡಕ್ಕೆ ರೇರಾ ನೋಂದಣಿ ಇದೆಯೇ ಎಂದು ನೋಡಲಿಲ್ಲ. ನನಗೇ ಇರಲಿಲ್ಲ! ಕೆಲಸ ಪಿಲ್ಲರಿನಲ್ಲೇ ನಿಂತಿತು. ಕಮಿಷನ್ ವಾಪಸ್ ಕೊಟ್ಟೆ; ಮುಂಗಡ ವಾಪಸ್ ಕೊಡಿಸಲು ನನ್ನಿಂದಾಗಲಿಲ್ಲ. ಅವರು ಈಗಲೂ ನಮ್ಮ ಅಂಗಡಿಗೆ ಅಕ್ಕಿಗೆ ಬರುತ್ತಾರೆ. ಫ್ಲ್ಯಾಟಿನ ಮಾತೆತ್ತುವುದಿಲ್ಲ. ಎತ್ತಿ ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಆಮೇಲೆ ಕೇರಳದಲ್ಲಿ ಏಜೆಂಟನಾಗಿ ನೋಂದಾಯಿಸಿಕೊಂಡೆ. "ಸುಮ್ಮನೆ ದುಡ್ಡು ದಂಡ" ಎಂದು ಜೊತೆಯವರು ನಕ್ಕರು.

ದಂಡ ಯಾವುದು, ನೋಡೋಣ. 2016ರ ರಿಯಲ್ ಎಸ್ಟೇಟ್ ಕಾಯಿದೆಯ 9ನೇ ಕಲಂ ಪ್ರಕಾರ, ನೋಂದಾಯಿತ ಯೋಜನೆಯ ಫ್ಲ್ಯಾಟನ್ನಾಗಲಿ ಸೈಟನ್ನಾಗಲಿ ನೋಂದಣಿ ಇಲ್ಲದ ಏಜೆಂಟ್ ಮಾರಿಸುವಂತಿಲ್ಲ. 10ನೇ ಕಲಂ ಪ್ರಕಾರ, ನೋಂದಣಿ ಆಗಬೇಕಾಗಿಯೂ ಆಗದ ಯೋಜನೆಯನ್ನು ಯಾವ ಏಜೆಂಟನೂ ಮಾರಿಸುವಂತಿಲ್ಲ. ತಪ್ಪಿದರೆ ದಿನಕ್ಕೆ 10,000 ರೂಪಾಯಿ. ಅದು ಬೆಳೆದು ಆಸ್ತಿಯ ಬೆಲೆಯ ಶೇ. 5ರವರೆಗೂ ಹೋಗಬಹುದು. ನಮ್ಮ ಕಮಿಷನ್ ಅಷ್ಟಿರುತ್ತದೆಯೇ?

"ನಾವು ಮಾರಿಸುವುದು ಹತ್ತು ಸೆಂಟ್ಸ್ ಜಾಗ, ಹಳೇ ಮನೆ" ಎನ್ನುವವರಿದ್ದಾರೆ. ಸರಿ, 500 ಚದರ ಮೀಟರ್ ಮೀರದ ಜಾಗದ ಯೋಜನೆಗಳಿಗೆ, ಅಂದರೆ ಸುಮಾರು 12 ಸೆಂಟ್ಸಿನೊಳಗಿನವಕ್ಕೆ, ನೋಂದಣಿ ಬೇಡ. ಎಂಟು ಮನೆ ಮೀರದ ಕಟ್ಟಡಕ್ಕೂ ಬೇಡ. ಆದರೆ ಗಲ್ಫಿನ ದುಡ್ಡು ಈಗ ಹೋಗುತ್ತಿರುವುದು ದೊಡ್ಡ ದೊಡ್ಡ ಅಪಾರ್ಟ್‌ಮೆಂಟುಗಳಿಗೆ. ಅಲ್ಲಿ ಆ ಮಾತು ನಡೆಯುವುದಿಲ್ಲ.

ಗಡಿಯವರಾದ ನಮಗೆ ಇನ್ನೊಂದು ತೊಡಕು. ಏಜೆಂಟನ ನೋಂದಣಿ ಆಯಾ ರಾಜ್ಯಕ್ಕೆ ಮಾತ್ರ. ತಲಪಾಡಿ ದಾಟಿದರೆ ನನ್ನ ಕೇರಳದ ನಂಬರಿಗೆ ಬೆಲೆ ಇಲ್ಲ. ಮಂಗಳೂರಿನ ಫ್ಲ್ಯಾಟಿಗೆ ಕರ್ನಾಟಕದ ನೋಂದಣಿಯೇ ಬೇಕು. ಒಂದೇ ಊರಿನಂತೆ ಬದುಕುವ ನಮಗೆ ಎರಡೆರಡು ಶುಲ್ಕ ಹೊರೆಯೇ. ಅದರ ವಿರುದ್ಧ ನಾನೂ ದನಿ ಎತ್ತುತ್ತೇನೆ. ಹಾಗೆಂದು ಕದ್ದುಮುಚ್ಚಿ ಮಾರಿಸಲು ಅದು ನೆಪವಲ್ಲ.

"ನಂಬಿಕೆ ಇರುವಲ್ಲಿ ಕಾಗದ ಯಾಕೆ?" ಎಂದು ಕೇಳುವ ಹಿರಿಯರಿಗೆ ಒಂದು ಮಾತು. ಸಾಲದ ವ್ಯವಹಾರವನ್ನು ಬರೆದಿಡಿ, ಸಾಕ್ಷಿ ಇಡಿ ಎಂದು ಸೂರಾ ಬಕರದ 282ನೇ ಆಯತ್ ಹೇಳುವುದು ಅಪರಿಚಿತರಿಗೆ ಮಾತ್ರವೇ? 'ಬ್ಯಾರ' ಎಂದರೆ ವ್ಯಾಪಾರ, ಅದರಿಂದಲೇ ನಮ್ಮ ಹೆಸರು ಬಂತು ಎಂದು ಹೆಮ್ಮೆಪಡುತ್ತೇವಲ್ಲ. ಹಾಗಾದರೆ ವ್ಯಾಪಾರದ ಕಾಗದಕ್ಕೆ ಹೆದರುವುದೇಕೆ?

ನೋಂದಣಿ ಇದ್ದ ಮಾತ್ರಕ್ಕೆ ಯಾರೂ ಸಾಚಾ ಆಗುವುದಿಲ್ಲ. ಆದರೆ ಮೋಸವಾದರೆ ಪ್ರಾಧಿಕಾರಕ್ಕೆ ದೂರು ಕೊಡಲು ಒಂದು ಹೆಸರು, ಒಂದು ನಂಬರ್ ಕೈಯಲ್ಲಿರುತ್ತದೆ. ಆದ್ದರಿಂದ ಮನೆಯ ಹೆಂಗಸರಿಗೂ ಹೇಳಿಕೊಡಿ: ಏಜೆಂಟನ ನಂಬರ್ ಕೇಳಿ, ಕಟ್ಟಡದ ನಂಬರ್ ಕೇಳಿ, ಎರಡನ್ನೂ ಆಯಾ ರಾಜ್ಯದ ರೇರಾ ವೆಬ್‌ಸೈಟಿನಲ್ಲಿ ನೋಡಿ. ನೋಂದಾಯಿತ ಕರಾರು ಆಗುವ ಮೊದಲು ಬೆಲೆಯ ಶೇ. 10ಕ್ಕಿಂತ ಹೆಚ್ಚು ಕೊಡಬೇಡಿ.

ಗಿರಾಕಿ ಬಗ್ಗಿ ತಕ್ಕಡಿಯ ಮುದ್ರೆ ನೋಡಿದರೆ ಉಪ್ಪ ಸಿಟ್ಟಾಗುವುದಿಲ್ಲ. ನಂಬರ್ ಕೇಳಿದ್ದಕ್ಕೆ ಸಿಟ್ಟಾಗುವ ಬ್ರೋಕರ್ ನಿಮ್ಮ ಸ್ವಂತ ಅಣ್ಣನಾದರೂ, ಅವನ ಚಾ ಕುಡಿದು ಎದ್ದು ಬನ್ನಿ.