ಕೇಳದೆಯೇ ‘ಬೇಡವೆಂದರು’ ಎಂದು ಬರೆಯುವುದೇ?



ಬೆಂಗಳೂರಿನಲ್ಲಿ ಕುಳಿತು ಅಮೆರಿಕದ ರೋಗಿಗಳ ದಾಖಲೆಗೆ ಕೋಡ್ ಹಾಕುವವರು ನಿಮ್ಮಲ್ಲಿದ್ದೀರಿ. ನರ್ಸಿಂಗ್ ಓದಿ ಅಲ್ಲಿಗೇ ಹೊರಟವರೂ ಇದ್ದೀರಿ. ಈ ಮಾತು ನಿಮಗಾಗಿ.

ಅಲ್ಲಿ ನರ್ಸಿಂಗ್ ಹೋಮ್ ಎಂದರೆ ನಮ್ಮ ಬಡಾವಣೆಯ ಹೆರಿಗೆ ಆಸ್ಪತ್ರೆಯಲ್ಲ. ಮುದುಕರು, ಅಶಕ್ತರು ವರ್ಷಗಟ್ಟಲೆ ಉಳಿಯುವ ಆರೈಕೆಮನೆ. ಮೆಡಿಕೇರ್, ಮೆಡಿಕೇಡ್ ಹಣ ಪಡೆಯುವ ಮನೆಗಳು ಪ್ರತಿಯೊಬ್ಬ ನಿವಾಸಿಗೂ ಎಂಡಿಎಸ್ ಎಂಬ ನಮೂನೆ ತುಂಬಲೇಬೇಕು. 1987ರ ಕಾನೂನು ಇದಕ್ಕೆ ಮೂಲ, 3.0 ನಮೂನೆ ಬಂದದ್ದು 2010ರಲ್ಲಿ.

ಅದರ ಓ0250 ಕಲಮು ಫ್ಲೂ ಲಸಿಕೆಯದು. ಅಲ್ಲೇ ಹಾಕಿದ್ದರೆ ತಾರೀಖು ಬರೆಯಬೇಕು. ಇಲ್ಲವೆಂದರೆ ಕಾರಣದ ಅಂಕಿ: ಹೊರಗೆ ಹಾಕಿಸಿಕೊಂಡಿದ್ದರೆ 2, ದೇಹಸ್ಥಿತಿಯಿಂದ ಕೊಡಬಾರದಾಗಿದ್ದರೆ 3, ಕೇಳಿದಾಗ ಬೇಡವೆಂದಿದ್ದರೆ 4, ಕೇಳಿಯೇ ಇಲ್ಲದಿದ್ದರೆ 5.

ಮೋಸ ಹುಟ್ಟುವುದು ಇಲ್ಲೇ! ಗುಣಮಟ್ಟದ ಲೆಕ್ಕದಲ್ಲಿ 4 ಬರೆದರೆ ಮನೆ ತನ್ನ ಕರ್ತವ್ಯ ಮಾಡಿದಂತೆ. 5 ಬರೆದರೆ ಅಂಕ ಕಡಿತ. ಕೇಳದೆಯೇ 4 ಗೀಚಿದರೆ ಮನೆಯ ಮಾನ ಉಳಿಯುತ್ತದೆ, ಹಾಸಿಗೆಯಲ್ಲಿರುವ ಅಜ್ಜಿಗೆ ಲಸಿಕೆ ತಪ್ಪುತ್ತದೆ. ಅಮೆರಿಕದಲ್ಲಿ ಫ್ಲೂಗೆ ಬಲಿಯಾಗುವವರಲ್ಲಿ ಹೆಚ್ಚಿನವರು 65 ದಾಟಿದವರೇ ಎಂಬುದು ನೆನಪಿರಲಿ.

ಕೇಳುವುದೆಂದರೇನು? ಲಸಿಕೆಯ ಪ್ರಯೋಜನ, ಅಡ್ಡಪರಿಣಾಮ ಎರಡನ್ನೂ ಮೊದಲು ತಿಳಿಸಬೇಕೆಂಬುದು ನಿಯಮ. ನಿವಾಸಿಗೆ ಯಾವ ಭಾಷೆ ಇಷ್ಟ, ದುಭಾಷಿ ಬೇಕೇ ಎಂದು ಅದೇ ನಮೂನೆಯ ಎ1110 ಕಲಮು ಕೇಳುತ್ತದೆ. ಇಂಗ್ಲಿಷ್ ಬಾರದ ಹಿರಿಯರ ಮುಂದೆ ಇಂಗ್ಲಿಷಿನಲ್ಲಿ ಗುಣುಗುಣಿಸಿ, ಅವರು ತಲೆ ಅಲ್ಲಾಡಿಸಿದ್ದನ್ನು ನಿರಾಕರಣೆ ಎನ್ನುವುದು ಯಾವ ನ್ಯಾಯ? ತಿಳಿಯದ ಭಾಷೆಯಲ್ಲಿ ಕೇಳಿದ್ದು ಕೇಳಿದಂತೆಯೇ ಅಲ್ಲ!

ಕಾಯಿಲೆಯ ಕಲಮಿಗೂ ಇದೇ ಶಿಸ್ತು ಬೇಕು. ಪಕ್ಕದ ಕೋಣೆಯಲ್ಲಿ ಫ್ಲೂ ಇದೆಯೆಂದು ಕೆಮ್ಮುವವರಿಗೆಲ್ಲ ಫ್ಲೂ ಬರೆಯುವಂತಿಲ್ಲ. ಕಳೆದ 60 ದಿನಗಳೊಳಗೆ ವೈದ್ಯರು ರೋಗವನ್ನು ದಾಖಲಿಸಿರಬೇಕು. ಕಳೆದ 7 ದಿನಗಳಲ್ಲಿ ಅದು ಸಕ್ರಿಯವಾಗಿರಬೇಕು. ಆಗ ಐ8000 ಕಲಮಿನಲ್ಲಿ ಕೋಡ್: ವೈರಸ್ ಗುರುತಾದ ಮಾಮೂಲಿ ಫ್ಲೂಗೆ ಜೆ10, ಗುರುತಾಗದ್ದಕ್ಕೆ ಜೆ11. ವಾಸಿಯಾದ ಫ್ಲೂವನ್ನು ಹಳೆಯ ಹಾಳೆಯಿಂದ ನಕಲು ಮಾಡುವುದೂ ಸುಳ್ಳೇ.

ಮೇಲಿನವರು 4 ಬರಿ ಎಂದು ಒತ್ತಾಯಿಸಬಹುದು. ಬಗ್ಗಬೇಡಿ! ಸುಳ್ಳು 4 ಕಡತವನ್ನು ಮುಚ್ಚಿಬಿಡುತ್ತದೆ. ನಿಜವಾದ 5 ನಾಳೆಯ ಕೆಲಸವನ್ನು ತೋರಿಸುತ್ತದೆ. 5 ಬರೆಯಿರಿ, ಬರೆದ ಕೂಡಲೇ ಆ ಅಜ್ಜಿಗೆ ತಿಳಿಯುವ ಮಾತಿನಲ್ಲಿ ಕೇಳಿಸಿ.